ಹೆನ್ನೆಯ ದಡದಲ್ಲಿ ಪರಿಸರ ದಿನ

ಜೂನ್ 5 ಸಮೀಪಿಸುತ್ತಿದ್ದಂತೆ ಕಾಲೇಜುಗಳ ಸೂಚನಾ ಫಲಕದಲ್ಲಿ ಒಂದು ಸುತ್ತೋಲೆ ಕಾಣಿಸಿಕೊಳ್ಳುತ್ತದೆ. ಸಸಿ ನೆಡುವಿಕೆ, ಅತಿಥಿಗಳ ಭಾಷಣ, ಪ್ರಬಂಧ ಸ್ಪರ್ಧೆ, ಪ್ರತಿಜ್ಞಾ ಸ್ವೀಕಾರ ಎಂಬ ಕ್ರಮ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಈ ಕ್ರಮದಲ್ಲಿ ಕನ್ನಡ ವಿಭಾಗದ ಪಾಲಿಗೆ ಬರುವುದು ಪ್ರಾರ್ಥನಾಗೀತೆ ಮತ್ತು ವಂದನಾರ್ಪಣೆ. ಪರಿಸರವು ಸಸ್ಯಶಾಸ್ತ್ರ, ರಸಾಯನಶಾಸ್ತ್ರಗಳ ವಿಷಯ, ಭಾಷಾ ವಿಭಾಗದ್ದು ಸಮಾರಂಭದ ಅಲಂಕಾರ ಎಂಬ ಭಾವನೆ ಇದರ ಹಿಂದಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಹಿಂದೂಪುರ, ಕಲ್ಯಾಣದುರ್ಗಗಳ ನೆಲದಲ್ಲಿ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಹಿಂದೆ ಪಾಠ ಹೇಳುತ್ತಿದ್ದ ಒಂದು ಕಾಲೇಜಿನಲ್ಲಿ ಮೂರು ವರ್ಷ ಕ್ರಮವಾಗಿ ಒಂದೇ ಗುಂಡಿಯಲ್ಲಿ ಹೊಂಗೆ, ಬೇವು, ಮತ್ತೆ ಹೊಂಗೆ ನೆಟ್ಟೆವು. ನಾಲ್ಕನೆಯ ವರ್ಷ ಗುಂಡಿ ತೋಡುವ ಶ್ರಮವೇ ಇರಲಿಲ್ಲ. ಅದು ಸಿದ್ಧವಾಗಿಯೇ ಇತ್ತು. ಆ ಮೂರು ವರ್ಷಗಳ ಛಾಯಾಚಿತ್ರಗಳಲ್ಲಿಯೂ ನಾನಿದ್ದೇನೆ. ಮರುದಿನ ನೀರೆರೆಯುವ ಸರದಿ ಯಾರದು ಎಂದು ನಾನೂ ಕೇಳಲಿಲ್ಲ.

ಈ ದಿನಾಚರಣೆಯ ಮೂಲವನ್ನು ಸಂಕ್ಷೇಪವಾಗಿ ಹೇಳಬಹುದು. ಮಾನವ ಪರಿಸರವನ್ನು ಕುರಿತ ವಿಶ್ವಸಂಸ್ಥೆಯ ಸಮ್ಮೇಳನವು 1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರಂಭವಾಯಿತು. ಭಾರತದ ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ಮಾತನಾಡಿದರು. ಸಮ್ಮೇಳನ ಆರಂಭವಾದ ದಿನವನ್ನೇ ಪರಿಸರ ದಿನವೆಂದು ವಿಶ್ವಸಂಸ್ಥೆಯ ಮಹಾಸಭೆ ಗೊತ್ತುಪಡಿಸಿತು.  ನಮ್ಮಲ್ಲಿ 1976ರ 42ನೆಯ ತಿದ್ದುಪಡಿಯ ಮೂಲಕ ಪರಿಸರ ರಕ್ಷಣೆಯು ಸಂವಿಧಾನದೊಳಗೆ ಬಂದಿತು: 48ಎ ವಿಧಿಯಲ್ಲಿ ರಾಜ್ಯದ ಹೊಣೆಯಾಗಿ, 51ಎ ವಿಧಿಯಲ್ಲಿ ಪ್ರಜೆಯ ಕರ್ತವ್ಯವಾಗಿ. ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನಿರ್ದೇಶಿಸಿತು. ಐಚ್ಛಿಕ ಕನ್ನಡ ಓದುವವರೂ ಪದವಿಯಲ್ಲಿ ಪರಿಸರ ಅಧ್ಯಯನದ ಪತ್ರಿಕೆ ಬರೆಯಬೇಕಾಗಿರುವುದು ಇದರ ಫಲ. ಆ ಪತ್ರಿಕೆಯಲ್ಲಿ ಓಝೋನ್ ಪದರವಿದೆ, ಅಮೆಜಾನಿನ ಕಾಡಿದೆ, ಕರಗುವ ಹಿಮನದಿಗಳಿವೆ. ಎಲ್ಲವೂ ಅರಿಯಬೇಕಾದವೇ. ನಮ್ಮ ಕಾಲೇಜಿನ ಗೇಟಿನ ಹೊರಗಿರುವುದು ಮಾತ್ರ ಅದರಲ್ಲಿ ವಿರಳ.

ಇಲ್ಲಿ 'ಪರಿಸರ' ಎಂಬ ಪದವನ್ನೇ ಒಮ್ಮೆ ನೋಡೋಣ. ಶಾಲೆಯಲ್ಲಿ ಮರಾಠಿಯನ್ನೂ ಕನ್ನಡವನ್ನೂ ಜೊತೆಜೊತೆಗೆ ಕಲಿತವನಾದ ನನಗೆ ಈ ಪದ ಬಾಲ್ಯದಲ್ಲಿ ತೊಡಕನ್ನುಂಟುಮಾಡುತ್ತಿತ್ತು. ಮರಾಠಿಯಲ್ಲಿ 'ಪರ್ಯಾವರಣ' ಬೇರೆ, 'ಪರಿಸರ' ಬೇರೆ. ಮೊದಲನೆಯದು ಭೂಮಂಡಲವನ್ನೆಲ್ಲ ಆವರಿಸಿರುವಂಥದು. ಎರಡನೆಯದು ಶಾಲೆಯ ಅಂಗಳ, ದೇವಾಲಯದ ಸುತ್ತುಮುತ್ತು, ಊರಿನ ಆಸುಪಾಸು. ತೆಲುಗಿನಲ್ಲಿಯೂ 'ಪರ್ಯಾವರಣಂ', 'ಪರಿಸರಾಲು' ಎಂಬ ಇದೇ ಭೇದವಿದೆ. ಕನ್ನಡವೊಂದು ಎರಡಕ್ಕೂ 'ಪರಿಸರ'ವನ್ನೇ ಬಳಸುತ್ತದೆ. ಇದು ಪದದಾರಿದ್ರ್ಯವೆಂದು ನಾನು ಬಹುಕಾಲ ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಸಂಸ್ಕೃತ ಮೂಲದಲ್ಲಿ 'ಪರಿಸರ'ವೆಂದರೆ ಸಮೀಪದ ಪ್ರದೇಶ, ಸುತ್ತಲಿನ ನೆಲ. ಕನ್ನಡದ ಈ ಬಳಕೆಯನ್ನು ಅಕ್ಷರಶಃ ಸ್ವೀಕರಿಸಿದರೆ ಪರಿಸರ ದಿನವೆಂದರೆ ನೆರೆಯ ದಿನ. ಹಾಗಾದರೆ ನಮ್ಮ ನೆರೆಯಲ್ಲಿ ಏನಿದೆ?

ಹಿಂದೂಪುರವು ಪೆನ್ನಾ ನದಿಯ ಆಸರೆಯಲ್ಲಿ ಬೆಳೆದ ಊರು. ಉತ್ತರ ಪಿನಾಕಿನಿಯೆಂದೂ ಕರೆಯಲ್ಪಡುವ ಈ ನದಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರನ್ನು ದಾಟಿ, ಹಿಂದೂಪುರದ ಬಳಿ ಆಂಧ್ರವನ್ನು ಪ್ರವೇಶಿಸುತ್ತದೆ. ದೇವರಾಯನದುರ್ಗದ ಕಡೆಯಿಂದ ಬರುವ ಜಯಮಂಗಲಿ ಇಲ್ಲಿಯೇ ಸಮೀಪದಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಮುಂದೆ ಪೆನ್ನೆಯು ಉತ್ತರಕ್ಕೆ ಸಾಗಿ ಪೇರೂರಿನ ಅಣೆಕಟ್ಟನ್ನು ದಾಟಿ ಕಲ್ಯಾಣದುರ್ಗದ ಸೀಮೆಯನ್ನು ಹಾಯುತ್ತದೆ. ಕಲ್ಯಾಣದುರ್ಗಕ್ಕೆ ಪಶ್ಚಿಮದಲ್ಲಿ ವೇದಾವತಿ, ಅಂದರೆ ಹಗರಿ, ಹರಿಯುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ತಂಗಿ, ಚಳ್ಳಕೆರೆಯ ಸೀಮೆಯಿಂದ ಆಂಧ್ರಕ್ಕೆ ಬಂದು, ಭೈರವಾನಿತಿಪ್ಪೆಯ ಜಲಾಶಯವನ್ನು ಸೇರಿ, ಕಡೆಗೆ ತುಂಗಭದ್ರೆಯ ಪಾಲಾಗುವ ನದಿ ಅದು. ನಕ್ಷೆಯನ್ನು ನೋಡಿದವರಿಗೆ ಇದು ಎರಡು ನದಿಗಳ ನಡುವಿನ ಭಾಗ್ಯವಂತ ನಾಡೆಂದು ತೋರಬಹುದು. ಸೇತುವೆಯ ಮೇಲೆ ನಿಂತು ನೋಡಿದವರಿಗೆ ವರ್ಷದ ಬಹುಕಾಲ ಕಾಣುವುದು ಮರಳು, ಜಾಲಿ ಮತ್ತು ಒಣಗಿದ ಹುಲ್ಲು.

ಕಾರಣ ಸರಳ. ಅನಂತಪುರದ ಸೀಮೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ನೈಋತ್ಯ ಮಾರುತವು ಘಟ್ಟದಲ್ಲಿಯೇ ತನ್ನ ಭಾರವನ್ನು ಇಳಿಸಿ ಬರುತ್ತದೆ. ಈಶಾನ್ಯ ಮಾರುತಕ್ಕೆ ಪೂರ್ವದ ಕರಾವಳಿಯಿಂದ ಇಲ್ಲಿಗೆ ದೂರ ಹೆಚ್ಚು. ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರು. ಅದರಲ್ಲಿ ಜೂನ್ ತಿಂಗಳ ಪಾಲು ಚಿಕ್ಕದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದೇ ದೊಡ್ಡದು. ಜೂನ್ 5ರಂದು ನಾವು ನೆಟ್ಟ ಹೊಂಗೆಯ ಸಸಿಗಳು ಏಕೆ ಸತ್ತವೆಂಬುದಕ್ಕೆ ಉತ್ತರ ಇಲ್ಲಿದೆ. ಸ್ಟಾಕ್‌ಹೋಮಿನ ಪಂಚಾಂಗದಂತೆ ನೆಟ್ಟೆವು, ಹಿಂದೂಪುರದ ಪಂಚಾಂಗದಂತೆ ಅಲ್ಲ. ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವಕ್ಕೆ ಜುಲೈ ತಿಂಗಳನ್ನು ಆರಿಸಿದ್ದರು. ನಮ್ಮ ಸೀಮೆಗೆ ಅದೂ ಕೊಂಚ ಮುಂಚೆಯೇ. ಜುಲೈ, ಆಗಸ್ಟ್ ತಿಂಗಳ ಒಣಗಾಳಿಯನ್ನು ಎಳೆಯ ಸಸಿ ತಡೆಯುವುದು ಕಷ್ಟ. ಸೆಪ್ಟೆಂಬರಿನ ಹದಮಳೆಗೆ ನೆಟ್ಟು ಎರಡು ಬೇಸಗೆ ನೀರುಣಿಸಿದರೆ ಮಾತ್ರ ಆ ಗುಂಡಿ ಮುಂದಿನ ವರ್ಷ ಖಾಲಿಯಿರುವುದಿಲ್ಲ.

ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಜನರು ಶತಮಾನಗಳ ಕಾಲ ಬೆಳೆ ತೆಗೆದು ಬದುಕಿದ್ದು ಹೇಗೆ? ಇದಕ್ಕೆ ಉತ್ತರವನ್ನು ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಕಬೇಕಾಗಿಲ್ಲ. ಅದು ನಮ್ಮ ವಿಭಾಗದ ಕಪಾಟಿನಲ್ಲಿರುವ ಶಾಸನ ಸಂಪುಟಗಳಲ್ಲಿದೆ.

ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ, ಗೌರಿಬಿದನೂರು ತಾಲ್ಲೂಕಿನ ಆರನೆಯ ಶಾಸನವಾಗಿ ದಾಖಲಾಗಿರುವ ಒಂದು ಬರಹ 1388ರದು. ವಿಜಯನಗರದ ರಾಜಕುಮಾರ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದಾಗ, ಹೆನ್ನೆಯ ನದಿಯನ್ನು ಪೆನುಗೊಂಡೆಗೆ ತರಬೇಕೆಂದು ಸಿಂಗಾಯಭಟ್ಟನೆಂಬವನಿಗೆ ಅಪ್ಪಣೆ ಕೊಟ್ಟನು. ಸಿಂಗಾಯಭಟ್ಟನು ಕಲ್ಲೂಡಿಯಿಂದ ಸಿರುವೆರೆಯ ಕೆರೆಗೆ ಕಾಲುವೆಯನ್ನು ತೋಡಿಸಿ, ಅದಕ್ಕೆ ರಾಜಕುಮಾರನ ಹೆಸರನ್ನಿಟ್ಟು, ಶಾಸನವನ್ನು ಬರೆಸಿದನು. ಕಲ್ಲೂಡಿ ಇಂದಿಗೂ ಗೌರಿಬಿದನೂರಿನ ಪಕ್ಕದಲ್ಲಿದೆ; ನಿಮ್ಮಲ್ಲಿ ಕೆಲವರು ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಅದರ ಸಮೀಪವೇ ಹಾದುಹೋಗುತ್ತೀರಿ.

ಈ ಶಾಸನದಲ್ಲಿ ಗಮನಿಸಬೇಕಾದ ಸಂಗತಿಗಳು ಹಲವು. ಸಿಂಗಾಯಭಟ್ಟನನ್ನು ಅದು 'ಜಲಸೂತ್ರ'ದ ವಿದ್ಯೆ ಬಲ್ಲವನೆಂದು ಕರೆಯುತ್ತದೆ. ಇಂದು ನಾವು ಹೈಡ್ರಾಲಿಕ್ ಇಂಜಿನಿಯರಿಂಗ್ ಎನ್ನುವುದಕ್ಕೆ ಆರು ನೂರು ವರ್ಷಗಳ ಹಿಂದೆಯೇ ಒಂದು ಪದವಿತ್ತು, ಆ ಪದವನ್ನು ಹೊತ್ತ ಒಬ್ಬ ವ್ಯಕ್ತಿಯಿದ್ದನು, ಅವನ ಹೆಸರು ಅರಸನ ಹೆಸರಿನ ಪಕ್ಕದಲ್ಲಿಯೇ ಕಲ್ಲಿನ ಮೇಲೆ ನಿಂತಿತು. ಪದವಿರುವುದೆಂದರೆ ಆ ವಿದ್ಯೆಗೆ ಗುರುಶಿಷ್ಯ ಪರಂಪರೆಯೂ ಸಾಮಾಜಿಕ ಗೌರವವೂ ಇದ್ದುವೆಂದೇ ಅರ್ಥ. ಆ ಕಾಲುವೆಗೆ ಅಗೆದವರ ಹೆಸರು ಮಾತ್ರ ಅಲ್ಲಿಲ್ಲ. ಶಾಸನಗಳ ಈ ಮೌನವನ್ನು ನಾವು ಮರೆಯಬಾರದು.

ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ 'ಹೆನ್ನೆ' ಎಂಬ ರೂಪವೇ ಒಂದು ಪಾಠ. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೂವು ಹೂವಾದ ಹಾಗೆ ಕನ್ನಡದ ಬಾಯಲ್ಲಿ ಪೆನ್ನೆಯು ಹೆನ್ನೆಯಾಯಿತು. ತೆಲುಗಿನಲ್ಲಿ ಪಕಾರ ಉಳಿದು ಪೆನ್ನಾ ಎಂದೇ ಮುಂದುವರಿಯಿತು. ಪಕಾರವು ಹಕಾರವಾಗುವ ನಿಯಮವನ್ನು ತರಗತಿಯಲ್ಲಿ ನೀವು ಉದಾಹರಣೆಗಳೊಡನೆ ಬಾಯಿಪಾಠ ಮಾಡಿದ್ದೀರಿ. ಆ ಪಟ್ಟಿಗೆ ನಿಮ್ಮದೇ ಊರಿನ ನದಿಯನ್ನು ಸೇರಿಸಿಕೊಳ್ಳಿ. ಪರೀಕ್ಷೆಯಲ್ಲಿ ಹುಲಿ, ಹಾಲುಗಳಿಗಿಂತ ಇದಕ್ಕೆ ಹೆಚ್ಚು ಅಂಕ ಬರಬೇಕೆಂದು ನಾನು ಭಾವಿಸುತ್ತೇನೆ. ಮೌಲ್ಯಮಾಪನ ಮಾಡುವವರು ಒಪ್ಪುವರೋ ತಿಳಿಯದು.

ಇದೇ ಕಾಲದ ಇನ್ನೊಂದು ಶಾಸನ ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. ಒಂದನೆಯ ಬುಕ್ಕನ ಮಗ ಭಾಸ್ಕರ ಅಥವಾ ಭವದೂರನು 1369ರಲ್ಲಿ ಅಲ್ಲಿ ದೊಡ್ಡ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಸಂಸ್ಕೃತ ಶಾಸನವದು. ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೀರು ಹೆಚ್ಚಾಗಿ ನೆಲ ಕಡಿಮೆಯಾಗುವುದು ಇವು ಯಾವ ಇಂಜಿನಿಯರಾದರೂ ಹೇಳಬಹುದಾದ ದೋಷಗಳು. ಉಳಿದ ಒಂದು ದೋಷ ಬೇರೆ ಬಗೆಯದು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು.

ಹಿಂದೂಪುರದಲ್ಲಿ ಕುಳಿತು ಈ ಆರನೆಯ ದೋಷವನ್ನು ಓದುವಾಗ ತುಟಿಯ ಮೇಲೆ ನಗು ಮೂಡದಿರದು. ಮೈಸೂರು ಸಂಸ್ಥಾನ ಹಾಗೂ ಮದರಾಸು ಸರ್ಕಾರಗಳ ನಡುವಿನ 1892ರ ಒಪ್ಪಂದವು, ಮೇಲಿನ ಪಾತ್ರದಲ್ಲಿ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮುನ್ನ ಕೆಳಗಿನವರ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಆ ಒಪ್ಪಂದಕ್ಕೆ ಒಳಪಟ್ಟ ನದಿಗಳ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ನಮ್ಮ ಉತ್ತರ ಪಿನಾಕಿನಿ, ಚಿತ್ರಾವತಿ, ವೇದಾವತಿಗಳೂ ಇವೆ. ಕಾವೇರಿಯ ವ್ಯಾಜ್ಯವನ್ನು ಪತ್ರಿಕೆಗಳಲ್ಲಿ ಓದುವ ನಾವು ನಮ್ಮ ಊರಿನ ಒಣನದಿಗೂ ಅಷ್ಟೇ ಹಳೆಯ ವ್ಯಾಜ್ಯವಿರುವುದನ್ನು ಬಲ್ಲೆವೇ? ಮೇಲೆ ಕರ್ನಾಟಕದಲ್ಲಿ ತಡೆದ ನೀರಿನ ಬಗ್ಗೆ ಇಲ್ಲಿ ಅಸಮಾಧಾನವಿದೆ. ಇಲ್ಲಿ ತಡೆದುದರ ಬಗ್ಗೆ ಇನ್ನೂ ಕೆಳಗಿನವರಿಗಿದೆ. ಅತ್ತ ಕೃಷ್ಣೆಯ ನೀರು ಶ್ರೀಶೈಲದಿಂದ ಹಂದ್ರಿ-ನೀವಾ ಕಾಲುವೆಯ ಮೂಲಕ ನಮ್ಮ ಸೀಮೆಯತ್ತ ಏರಿಬರುತ್ತಿದೆ. ಪಕ್ಕದ ನದಿ ಬತ್ತಿದಾಗ ನೂರಾರು ಕಿಲೋಮೀಟರ್ ದೂರದ ನದಿಯನ್ನು ಪಂಪುಗಳಿಂದ ಎತ್ತಿ ತರಬೇಕಾಗುತ್ತದೆ. ಬೇಡವೆನ್ನಲು ನನಗೆ ಬಾಯಿಲ್ಲ. ನೀರಿಲ್ಲದವನಿಗೆ ನೀರು ನೀರೇ. ಆದರೆ ಊರಿನ ಕೆರೆಯ ಹೂಳನ್ನು ಮರೆಯಲು ಅದು ನೆಪವಾಗಬಾರದು.

ಕೆರೆಯೆಂದರೆ ಗುಂಡಿಯಲ್ಲ, ಒಂದು ವ್ಯವಸ್ಥೆ. ಅದರ ಪ್ರತಿಯೊಂದು ಅಂಗಕ್ಕೂ ಕನ್ನಡದಲ್ಲಿ ಹೆಸರಿದೆ. ನೀರನ್ನು ತಡೆಯುವ ಮಣ್ಣಿನ ಕಟ್ಟೆ ಏರಿ. ಹೊಲಗಳಿಗೆ ನೀರು ಬಿಡುವ ದ್ವಾರ ತೂಬು. ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ದಾರಿ ಕೋಡಿ. ಕೆರೆಯ ನೀರು ತಲುಪುವಷ್ಟು ನೆಲ ಅಚ್ಚುಕಟ್ಟು. ಸರದಿಯಂತೆ ನೀರು ಹಂಚುವವನು ನೀರುಗಂಟಿ. ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ ಅಥವಾ ಆದಾಯದ ಪಾಲಿಗೆ ಶಾಸನಗಳಲ್ಲಿ 'ಬಿತ್ತುವಟ್ಟ'ವೆಂದೂ 'ದಶವಂದ'ವೆಂದೂ ಹೆಸರು. ಈ ಕೊನೆಯ ಎರಡು ಪದಗಳನ್ನು ನೀವು ಶಾಸನ ಪಾಠದಲ್ಲಿ ಟಿಪ್ಪಣಿಗಾಗಿ ಬರೆದುಕೊಂಡು ಮರೆತಿರಬಹುದು. ಅವುಗಳ ಒಳಗಿನ ತಿಳಿವಳಿಕೆ ದೊಡ್ಡದು. ಕೆರೆಯನ್ನು ಕಟ್ಟುವುದು ಒಮ್ಮೆಯ ಪುಣ್ಯ, ಅದನ್ನು ಉಳಿಸುವುದು ಪ್ರತಿ ವರ್ಷದ ಖರ್ಚು ಎಂಬುದನ್ನು ಅಂದಿನವರು ಕಟ್ಟುವ ದಿನವೇ ಬಲ್ಲವರಾಗಿದ್ದರು. ಹೂಳೆತ್ತಲು, ಏರಿಗೆ ಮಣ್ಣು ಹಾಕಲು ಹಣ ಎಲ್ಲಿಂದ ಬರಬೇಕೆಂಬುದು ಕಲ್ಲಿನ ಮೇಲೆಯೇ ನಿಗದಿಯಾಗುತ್ತಿತ್ತು. ನಮ್ಮ ಸಸಿಗಳಿಗೆ ಇಲ್ಲದೆ ಹೋದದ್ದು ಈ ಬಿತ್ತುವಟ್ಟವೇ.

ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಕಡೆಯಿಂದ ಬರುವ ವಿದ್ಯಾರ್ಥಿಗಳ ಮನೆಮಾತಿನಲ್ಲಿ ಈ ಪದಗಳು ಕನ್ನಡದವೂ ತೆಲುಗಿನವೂ ಕಲೆತು ಬರುತ್ತವೆ. ಕನ್ನಡದ ತೂಬು ತೆಲುಗಿನಲ್ಲಿ ತೂಮು. ನಮ್ಮ ಹಳ್ಳ ರಾಯಲಸೀಮೆಯ ತೆಲುಗಿಗೆ ವಂಕ. ನಮ್ಮ ಕೋಡಿ ಅವರ ಮರುವ. ಕನ್ನಡದಲ್ಲಿ 'ಏರಿ' ಎಂದರೆ ಕೆರೆಯ ಕಟ್ಟೆಯಾದರೆ ತಮಿಳಿನಲ್ಲಿ ಅದೇ ಪದ ಕೆರೆಯನ್ನೇ ಹೇಳುತ್ತದೆ. ಮರಾಠಿಯಲ್ಲಿ ಜಲಾನಯನ ಪ್ರದೇಶಕ್ಕೆ 'ಪಾಣಲೋಟ ಕ್ಷೇತ್ರ' ಎನ್ನುತ್ತಾರೆ. ರೈತನ ಬಾಯಲ್ಲಿ ಹೊರಳುವ ಈ ಪದವನ್ನು ಕೇಳಿದಾಗಲೆಲ್ಲ ನಮ್ಮ 'ಜಲಾನಯನ' ಕಚೇರಿಯ ಕಡತದಿಂದ ಎದ್ದು ಬಂದಂತೆ ನನಗೆ ತೋರುತ್ತದೆ. ಹೀಗೆ ನಾಲ್ಕು ಭಾಷೆಗಳ ನೀರಿನ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಧಾರವಾಡದ ಅಥವಾ ಮೈಸೂರಿನ ಕನ್ನಡ ವಿದ್ಯಾರ್ಥಿಗಿಂತ ನಿಮಗೆ ಹೆಚ್ಚು. ಕಲ್ಯಾಣದುರ್ಗದ ಸಮೀಪದ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಬೋಧಿಸುತ್ತ ಕನ್ನಡದಲ್ಲಿಯೂ ಅಧಿಕಾರಯುತವಾಗಿ ಬರೆದರು. ಗಡಿಯಲ್ಲಿರುವುದು ಕೆರೆಗೆ ದೋಷವಿರಬಹುದು; ಭಾಷೆಗೆ ಯಾವಾಗಲೂ ದೋಷವಾಗಬೇಕಾಗಿಲ್ಲ.

'ತಲಪರಿಗೆ' ಎಂಬ ಪದವನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಪಾವಗಡ, ಮಧುಗಿರಿಗಳ ಸೀಮೆಯಲ್ಲಿ ಹಳ್ಳದ ಅಥವಾ ಕೆರೆಯಂಗಳದ ಮರಳನ್ನು ಬಗೆದಾಗ ಒಸರುವ ನೀರನ್ನು ಕಾಲುವೆಯ ಮೂಲಕ ಕಟ್ಟೆಗೆ ಹರಿಸಿ, ಅಲ್ಲಿಂದ ಗದ್ದೆಗೆ ಸರದಿಯಂತೆ ಬಿಡುವ ಪದ್ಧತಿಯದು. ಪಂಪಿಲ್ಲ, ವಿದ್ಯುತ್ತಿಲ್ಲ, ಇಳಿಜಾರೊಂದೇ ಶಕ್ತಿ. ಕೊಳವೆಬಾವಿಗಳು ನೂರಾರು ಅಡಿ ಆಳಕ್ಕೆ ಇಳಿದ ಮೇಲೆ ನೆಲದ ಮೇಲ್ಪದರದ ಈ ಒರತೆಗಳು ಬಹುಮಟ್ಟಿಗೆ ಬತ್ತಿದವು. ಒರತೆ ಬತ್ತಿದ ಮೇಲೆ ಪದವೂ ಬತ್ತುತ್ತಿದೆ. ಹಳೆಗನ್ನಡದ 'ಪರಿ' (ಹರಿ) ಧಾತು ಅದರಲ್ಲಿ ಅಡಗಿದೆಯೇ ಎಂಬುದನ್ನು ನೀವೇ ಯೋಚಿಸಿ. ಅಜ್ಜನನ್ನೋ ಅಜ್ಜಿಯನ್ನೋ ಕೇಳಿದರೆ ವ್ಯಾಕರಣಕ್ಕಿಂತ ಹೆಚ್ಚಿನದೂ ಸಿಗಬಹುದು. ಆ ನೀರನ್ನು ಯಾರು ಹಂಚುತ್ತಿದ್ದರು, ಯಾರ ಗದ್ದೆಗೆ ಮೊದಲು ಹರಿಯುತ್ತಿತ್ತು, ಯಾರ ಕೇರಿಯವರು ಆ ನೀರನ್ನು ಮುಟ್ಟುವಂತಿರಲಿಲ್ಲ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಹಳೆಯದೆಲ್ಲ ಹೊನ್ನೆಂಬ ಭ್ರಮೆ ಪರಿಸರ ದಿನದ ಭಾಷಣಗಳಲ್ಲಿ ಸಾಮಾನ್ಯ. ಸಾಹಿತ್ಯದ ವಿದ್ಯಾರ್ಥಿ ಅದಕ್ಕೆ ಒಳಗಾಗಬಾರದು.

ಈ ಎಚ್ಚರಕ್ಕೆ ಎರಡು ಕೃತಿಗಳು ನೆರವಾಗುತ್ತವೆ. 'ಕೆರೆಗೆ ಹಾರ' ನಿಮಗೆಲ್ಲ ಪರಿಚಿತವಾದ ಜನಪದ ಕಥನಗೀತೆ. ಕಟ್ಟಿದ ಕೆರೆಗೆ ನೀರು ಬಾರದಿದ್ದಾಗ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುವ ಕಥೆ ಅದರದು. ಇದೇ ಬಗೆಯ ಐತಿಹ್ಯ ಅನಂತಪುರದ ಪಕ್ಕದ ಬುಕ್ಕರಾಯಸಮುದ್ರದ ಕೆರೆಗೂ ಇದೆ. ಏರಿ ಒಡೆಯುವುದನ್ನು ತಡೆಯಲು ಮುಸಲಮ್ಮನೆಂಬ ಸೊಸೆ ನೀರಿಗೆ ಆಹುತಿಯಾದಳೆಂಬ ಕಥೆಯನ್ನು ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು 'ಮುಸಲಮ್ಮ ಮರಣಮು' ಎಂಬ ತೆಲುಗು ಕಾವ್ಯವನ್ನಾಗಿಸಿದರು. ಒಂದು ಕಥೆಯಲ್ಲಿ ಕೆರೆ ತುಂಬಲು, ಇನ್ನೊಂದರಲ್ಲಿ ಕೆರೆ ಉಳಿಯಲು ಹೆಣ್ಣಿನ ಜೀವ ಬೇಕಾಯಿತು. ಇವನ್ನು ತ್ಯಾಗದ ಮಹಿಮೆಯೆಂದು ಕೊಂಡಾಡಿ ಮುಗಿಸುವುದು ಸುಲಭ. ನನ್ನ ದೃಷ್ಟಿಯಲ್ಲಿ ಅವು, ನೀರಿನ ಕೊರತೆಯ ಭಾರ ಕಡೆಗೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಸ್ಪಷ್ಟವಾಗಿ ಹೇಳುವ ದಾಖಲೆಗಳು. ಇಂದು ಬೇಸಗೆಯಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳನ್ನು ಸಾಲಿಟ್ಟು ನಿಲ್ಲುವವರು ಯಾರು ಎಂದು ನೋಡಿದರೆ ಕಥೆ ಹಳೆಯದೆನ್ನಿಸುವುದಿಲ್ಲ. ಬೆಳಗಿನ ಮೊದಲ ತರಗತಿಗೆ ತಡವಾಗಿ ಬರುವ ವಿದ್ಯಾರ್ಥಿನಿಯರನ್ನು ಕಾರಣ ಕೇಳುವ ಮುನ್ನ ನಾನು ಈಚೆಗೆ ಕೊಂಚ ತಡೆಯುವುದನ್ನು ಕಲಿತಿದ್ದೇನೆ.

ಪ್ರಾಣಿಪಕ್ಷಿಗಳ ವಿಷಯದಲ್ಲಿಯೂ ನೆರೆಯ ಉದಾಹರಣೆಗಳಿಗೆ ಕೊರತೆಯಿಲ್ಲ. ಹಿಂದೂಪುರದಿಂದ ದೂರವಿಲ್ಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರಿನ ನಡುವಿನ ಮರಗಳ ಮೇಲೆಯೇ ಗೂಡು ಕಟ್ಟಿ ಮರಿಮಾಡುತ್ತವೆ, ಊರಿನವರು ಅವನ್ನು ಕಾಯುತ್ತಾರೆ. ಮದ್ದೂರಿನ ಕೊಕ್ಕರೆ ಬೆಳ್ಳೂರನ್ನು ಪಠ್ಯದಲ್ಲಿ ಓದಿದವರು ಇದನ್ನು ಹೋಗಿ ನೋಡಬಹುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯಪ್ರಾಣಿಯೂ ಹೌದು. ಅದು ಬಯಲಿನ ಜೀವಿ. ದೂರದ ಅಪಾಯವನ್ನು ಕಂಡು ಓಡಿ ಪಾರಾಗುವಂಥದು. ಅದಕ್ಕೆ ಬೇಕಾದದ್ದು ಹುಲ್ಲುಗಾವಲು, ದಟ್ಟವಾದ ತೋಪಲ್ಲ. ಮರವಿಲ್ಲದ ನೆಲವೆಲ್ಲ ಬಂಜರೆಂದು ಬಗೆದು ನೀಲಗಿರಿಯ ಸಸಿಗಳನ್ನು ತುಂಬಿದರೆ ಅದರ ಮನೆ ಹೋಗುತ್ತದೆ. ಸಸಿ ನೆಡುವುದೊಂದೇ ಪರಿಸರಸೇವೆಯೆಂಬ ನಂಬಿಕೆಯನ್ನು ಪ್ರಶ್ನಿಸಲು ಈ ಒಂದು ಪ್ರಾಣಿ ಸಾಕು.

ಹಾಗಾದರೆ ಕನ್ನಡ ವಿಭಾಗವು ಈ ದಿನವನ್ನು ಆಚರಿಸುವುದು ಹೇಗೆ? ನನ್ನ ಸಲಹೆ ಅಳೆಯುವುದು ಮತ್ತು ಬರೆಯುವುದು. ಹಿಂದೆ ಅಹಮದ್‌ನಗರವೆಂಬ ಹೆಸರಿದ್ದ ಜಿಲ್ಲೆಯ ಹಿವರೆ ಬಾಜಾರ್ ಎಂಬ ಮಳೆ ಕಡಿಮೆಯ ಹಳ್ಳಿಯಲ್ಲಿ ಗ್ರಾಮಸಭೆ ಪ್ರತಿ ವರ್ಷ ಬಿದ್ದ ಮಳೆಯ ಲೆಕ್ಕ ಹಾಕಿ ಬೆಳೆಯನ್ನು ತೀರ್ಮಾನಿಸುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರೇ ಅಂತರ್ಜಲವನ್ನು ನಿರ್ವಹಿಸುವ ಯೋಜನೆಯೊಂದು ನಡೆಯಿತು; ಅನಂತಪುರ ಆ ಏಳರಲ್ಲಿ ಒಂದು. ಶ್ಲಾಘನೀಯವಾದದ್ದೆಂದರೆ, ರೈತ ಪುರುಷರೂ ಮಹಿಳೆಯರೂ ಮಳೆಯನ್ನೂ ಬಾವಿಗಳ ನೀರಿನ ಮಟ್ಟವನ್ನೂ ತಾವೇ ಅಳೆದು, ಊರ ಮುಂದೆ ಲೆಕ್ಕವನ್ನು ಬರೆದಿಟ್ಟು, ಹಿಂಗಾರಿಗೆ ಯಾವ ಬೆಳೆ ಇಡಬಹುದೆಂದು ಚರ್ಚಿಸಿದರು. ಪದವಿಯಿಲ್ಲದವರು ಮಾಡಿದ್ದನ್ನು ಪದವಿ ವಿದ್ಯಾರ್ಥಿಗಳು ಮಾಡಲಾರರೇ?

ಲೆಕ್ಕ ಕಠಿಣವಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಿಗುವ ನೀರು ಒಂದು ಲೀಟರ್. ಐವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಕಾಲೇಜು ಕಟ್ಟಡದ ಮಾಳಿಗೆ 1,000 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆಯೆಂದರೆ ಆ ಮಾಳಿಗೆಯ ಮೇಲೆ ಬೀಳುವುದು 5,50,000 ಲೀಟರ್. ಐದರಲ್ಲಿ ಒಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತೆಂದರೂ 4,40,000 ಲೀಟರ್ ಉಳಿಯುತ್ತದೆ. ಐನೂರು ವಿದ್ಯಾರ್ಥಿಗಳಿಗೆ ದಿನಕ್ಕೆ ತಲಾ ಐದು ಲೀಟರಿನಂತೆ 176 ದಿನಕ್ಕೆ ಅದು ಸಾಲುತ್ತದೆ. ಶೈಕ್ಷಣಿಕ ವರ್ಷದ ಬೋಧನಾ ದಿನಗಳು ಬಹುತೇಕ ಅಷ್ಟೇ. ಅಷ್ಟನ್ನೂ ಕೂಡಿಡುವ ತೊಟ್ಟಿ ಕಟ್ಟುವುದು ದುಬಾರಿಯೆಂಬುದು ನಿಜ. ಆದರೆ ಮಾಳಿಗೆಯ ಕೊಳವೆಯನ್ನು ಇಂಗುಗುಂಡಿಯತ್ತ ತಿರುಗಿಸಲು ಫ್ಲೆಕ್ಸ್ ಬ್ಯಾನರಿನಷ್ಟು ಹಣವೂ ಬೇಕಾಗದು. ಪ್ಲಾಸ್ಟಿಕ್ಕಿನ ಫ್ಲೆಕ್ಸಿನ ಮೇಲೆ ಪ್ಲಾಸ್ಟಿಕ್ ತ್ಯಜಿಸಿರೆಂದು ಮುದ್ರಿಸುವ ಪದ್ಧತಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಈ ವರ್ಷದ ಕೆಲಸ ಎರಡು. ಒಂದು ಮಳೆಮಾಪಕ: ತೆರೆದ ಜಾಗದಲ್ಲಿ, ಗೋಡೆ ಮತ್ತು ಮರಗಳಿಂದ ದೂರವಾಗಿ ಅದನ್ನು ಇಡಬೇಕು. ಹವಾಮಾನ ಇಲಾಖೆಯ ಕ್ರಮದಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಬೇಕು. ಮಳೆ ಬಾರದ ದಿನವೂ ಸೊನ್ನೆಯೆಂದು ಬರೆಯಬೇಕು. ನಮ್ಮ ಸೀಮೆಯಲ್ಲಿ ಸೊನ್ನೆಗಳೇ ಮುಖ್ಯವಾದ ದಾಖಲೆ. ಇನ್ನೊಂದು ಪದಕೋಶ: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಕೆರೆ, ಕುಂಟೆ, ಬಾವಿ, ಹಳ್ಳಗಳಿಗೆ ಸಂಬಂಧಿಸಿದ ಹತ್ತು ಪದಗಳನ್ನು ಹಿರಿಯರಿಂದ ಕೇಳಿ ತರಬೇಕು. ಪದದ ಮುಂದೆ ಅರ್ಥ, ಹೇಳಿದವರ ವಯಸ್ಸು ಮತ್ತು ಊರು, ಆ ಪದ ಸೂಚಿಸುವ ವಸ್ತು ಈಗಲೂ ಇದೆಯೋ ಇಲ್ಲವೋ ಎಂಬ ವಿವರ ಇರಲಿ. ತೆಲುಗಿನ ಪದ ಬಂದರೆ ಅದನ್ನು ಬಿಡಬೇಡಿ. ಕೆರೆಯ ಏರಿಯ ಮೇಲೆ ಅಥವಾ ತೂಬಿನ ಕಲ್ಲಿನಲ್ಲಿ ಅಕ್ಷರಗಳು ಕಂಡರೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚದೆ, ಓರೆಯ ಬಿಸಿಲಿನಲ್ಲಿ, ಬೆಳಗಿನ ಅಥವಾ ಸಂಜೆಯ ಹೊತ್ತು, ಛಾಯಾಚಿತ್ರ ತೆಗೆದು ತನ್ನಿ. ಅಕ್ಷರದ ನೆರಳು ಆಗ ಸ್ಪಷ್ಟವಾಗಿ ಬೀಳುತ್ತದೆ. ಹೇಮಾವತಿ, ಅಂದರೆ ನೊಳಂಬರ ರಾಜಧಾನಿ ಹೆಂಜೇರು, ನಿಮ್ಮ ಊರುಗಳ ನಡುವೆಯೇ ಇರುವುದರಿಂದ ಅಂಥ ಕಲ್ಲುಗಳು ಸಿಗುವ ಸಂಭವ ಹೆಚ್ಚು. ಹಾಳೆಗಳನ್ನು ಸೆಪ್ಟೆಂಬರ್ ಮೊದಲ ವಾರದೊಳಗೆ ವಿಭಾಗದ ಕೊಠಡಿಗೆ ತಲುಪಿಸಿ. ಆ ವೇಳೆಗೆ ಹದಮಳೆಯಾಗಿದ್ದರೆ ಹೊಂಗೆಯ ಸಸಿಗಳನ್ನೂ ಅದೇ ವಾರ ನೆಡೋಣ. ನೀರೆರೆಯುವವರ ಸರದಿಪಟ್ಟಿಯಲ್ಲಿ ಮೊದಲ ಸೋಮವಾರಕ್ಕೆ ನನ್ನ ಹೆಸರನ್ನು ಬರೆದಿದ್ದೇನೆ. ಉಳಿದ ವಾರಗಳು ಖಾಲಿಯಿವೆ.